ವಾರಿಜಕ್ಕನ ಮೇಜಿನ ಆಚೆ ಬದಿ

ಹಳೆಯ ಫೋನಿನ ಬ್ಯಾಟರಿ ಮಧ್ಯಾಹ್ನದೊಳಗೆ ಕೈಕೊಡಲು ಶುರುಮಾಡಿದ್ದರಿಂದ ಹೋದ ವಾರ ಹೊಸದೊಂದನ್ನು ಕೊಳ್ಳಬೇಕಾಯಿತು. ಮೂಡುಬಿದಿರೆಯ ಅಂಗಡಿಯಾಕೆ ಹಳೆಯದರಲ್ಲಿದ್ದ ನಂಬರುಗಳನ್ನೆಲ್ಲ ಹೊಸದಕ್ಕೆ ದಾಟಿಸುತ್ತ, ಒಂದೇ ನಂಬರು ಎರಡು ಹೆಸರಿನಲ್ಲಿ ಉಂಟು ಸರ್, ಒಂದನ್ನು ತೆಗೆಯುವುದಾ ಎಂದು ಕೇಳಿದರು. ಬಗ್ಗಿ ನೋಡಿದೆ. ಒಂದು ‘ವಾರಿಜಕ್ಕ ಏಜೆಂಟ್’, ಇನ್ನೊಂದು ‘ವಾರಿಜಕ್ಕ ನಿರ್ಮಾಪಕಿ’. ಎರಡೂ ಇರಲಿ ಎಂದೆ. ಆ ನಂಬರಿನವರು ತೀರಿಕೊಂಡು ಆಗ ಐದು ದಿನವಾಗಿತ್ತು. ಅಂಗಡಿಯಾಕೆಗೆ ಅದನ್ನು ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ವಾರಿಜಕ್ಕನ ಗಂಡ ಬಂಟ್ವಾಳದಲ್ಲಿ ತುಳು ನಾಟಕದ ತಂಡವೊಂದನ್ನು ನಡೆಸುತ್ತಿದ್ದರು. ಅವರು ತೀರಿಹೋದ ಮೇಲೆ ತಂಡ ಮುಚ್ಚಿತು. ಮನೆಯ ಫೋನು ಮಾತ್ರ ರಿಂಗಾಗುವುದನ್ನು ನಿಲ್ಲಿಸಲಿಲ್ಲ. ಕನ್ಯಾನದ ಶಾಲೆಯ ವಾರ್ಷಿಕೋತ್ಸವಕ್ಕೆ ತಾಯಿಯ ಪಾತ್ರದವರು ಬೇಕು, ಬೆಳ್ತಂಗಡಿಯ ಯುವಕ ಮಂಡಲಕ್ಕೆ ಹಾಸ್ಯದವರು ಬೇಕು ಎಂದು ಜನ ಕೇಳುತ್ತಲೇ ಇದ್ದರು. ವಾರಿಜಕ್ಕ ಯಾರನ್ನಾದರೂ ಹುಡುಕಿ ಕಳಿಸುತ್ತಿದ್ದರು. ಹೀಗೆ ಕಳಿಸಿ ಕಳಿಸಿ ಅದೇ ಅವರ ಉದ್ಯೋಗವಾಯಿತು. ಬಿ.ಸಿ. ರೋಡಿನಲ್ಲಿ ಚಪ್ಪಲಿ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಮೇಜು, ಮೂರು ಕುರ್ಚಿ. ಬೋರ್ಡು ಹಾಕಿಸಲಿಲ್ಲ. ಹಾಕಿಸಿದ್ದರೆ ಏನೆಂದು ಬರೆಯಿಸಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಜನ ತಮ್ಮಷ್ಟಕ್ಕೆ ಏಜೆಂಟ್ ಎಂದರು.

ಅವರ ಹತ್ತಿರ ಒಂದು ದಪ್ಪ ಪುಸ್ತಕವಿತ್ತು. ಒಬ್ಬೊಬ್ಬ ಕಲಾವಿದರಿಗೆ ಒಂದೊಂದು ಪುಟ. ಯಾರಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ, ಯಾರು ಶನಿವಾರ ಮೀನು ಮುಟ್ಟುವುದಿಲ್ಲ, ಯಾರ ಮಗಳಿಗೆ ಮಾರ್ಚಿನಲ್ಲಿ ಪರೀಕ್ಷೆ, ಎಲ್ಲ ಅದರಲ್ಲಿತ್ತು. ಕಾರ್ಯಕ್ರಮ ಕೇಳಿಕೊಂಡು ಬಂದವರಿಗೆ ಅವರು ಮೊದಲು ಕೇಳುತ್ತಿದ್ದದ್ದು ಬಣ್ಣ ತೆಗೆಯಲು ಬಿಸಿನೀರು ಇದೆಯೇ ಎಂದು. ಆಮೇಲೆ ಹೆಂಗಸರಿಗೆ ಸೀರೆ ಬದಲಾಯಿಸಲು ಬಾಗಿಲಿರುವ ಕೋಣೆ. ಆಮೇಲೆ ವಾಪಸು ಬಿಡುವ ವಾಹನ. ಇವಕ್ಕೆಲ್ಲ ಉತ್ತರ ಸಿಗದೆ ತಾರೀಕು ಕೊಡುತ್ತಿರಲಿಲ್ಲ.

ನಾನು ಸರಕಾರಿ ಶಾಲೆಯಲ್ಲಿ ಕನ್ನಡ ಮಾಷ್ಟ್ರಾಗಿದ್ದೆ. ಆ ಕಾರಣಕ್ಕೆ ಇಂದಿಗೂ ನನ್ನೊಡನೆ ಎಲ್ಲರೂ ತುಳು ಬಿಟ್ಟು ಕನ್ನಡದಲ್ಲೇ, ಪಾಠ ಒಪ್ಪಿಸುವವರಂತೆ ಮಾತಾಡುತ್ತಾರೆ. ನಟನೆಯ ಹುಚ್ಚಿತ್ತು, ನಟನೆ ಇರಲಿಲ್ಲ. ಆದರೂ ವಾರಿಜಕ್ಕನ ಪುಸ್ತಕದಲ್ಲಿ ನನಗೂ ಒಂದು ಪುಟವಿತ್ತು. ಒಮ್ಮೆ ಕನ್ಯಾನದಲ್ಲಿ ನಾನು ಇನ್ಸ್‌ಪೆಕ್ಟರನಾಗಿ ಖಳನಾಯಕನನ್ನು ಹಿಡಿಯುವ ಹೊತ್ತಿಗೆ ಸರಿಯಾಗಿ ನನ್ನ ಮೀಸೆ ಕಳಚಿ ಅವನ ಹೆಗಲ ಮೇಲೆ ಬಿತ್ತು. ಜನ ಬಿದ್ದು ಬಿದ್ದು ನಕ್ಕರು. ಮರುದಿನ ದೂರು ಹೇಳಲು ಬಂದ ಸಂಘಟಕರಿಗೆ ವಾರಿಜಕ್ಕ, ಮೀಸೆಯೂ ಅಂಟೂ ನಿಮ್ಮ ಕಡೆಯದ್ದಲ್ಲವಾ, ನಮ್ಮ ಮಾಷ್ಟ್ರು ಮಾತು ತಪ್ಪಿದರಾ ಎಂದು ಕೇಳಿ ಬಾಯಿ ಮುಚ್ಚಿಸಿದರಂತೆ. ನನ್ನಂಥವನ ಪರವಾಗಿಯೂ ವಾದಿಸಲು ಒಬ್ಬರು ಇದ್ದಾರೆಂಬ ಭಾವನೆ ಎಂಥ ಸುಖ ಎಂಬುದನ್ನು ಅನುಭವಿಸಿದವರೇ ಬಲ್ಲರು.

ಅವರ ಪುಸ್ತಕದ ಮೊದಲ ಪುಟ ಶೀನಣ್ಣನದು. ಬೆಳ್ತಂಗಡಿ ಕಡೆಯ ನೆರಿಯ ಊರಿನವರು. ಹಗಲು ರಬ್ಬರ್ ಮರದ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ, ಸಂಜೆ ನಾಟಕ. ಹಾಸ್ಯ ಪಾತ್ರಗಳನ್ನೇ ಮಾಡಿದವರಾದರೂ ಅವರಲ್ಲಿ ಬೇರೇನೋ ಇತ್ತು. ಮಾತನ್ನು ಅರ್ಧಕ್ಕೆ ಬಿಟ್ಟು ಸುಮ್ಮನೆ ನಿಂತರೆ ಉಳಿದರ್ಧ ನಮ್ಮ ಎದೆಯೊಳಗೆ ಕೇಳುತ್ತಿತ್ತು. ನಿಮಗೆ ಒಂದು ದೊಡ್ಡ ಪಾತ್ರ ಸಿಗಬೇಕು ಶೀನಣ್ಣ, ಸಿಗುವಲ್ಲಿವರೆಗೆ ನಾನು ಬಿಡುವುದಿಲ್ಲ ಎಂದು ವಾರಿಜಕ್ಕ ಇಪ್ಪತ್ತು ವರ್ಷ ಹೇಳುತ್ತಾ ಬಂದಿದ್ದರು.

ಟಿವಿಯವರು ಮೂಡುಬಿದಿರೆಯ ಸುತ್ತ ಒಂದು ಧಾರಾವಾಹಿಯ ಚಿತ್ರೀಕರಣಕ್ಕೆ ಬಂದಾಗ ಊರಿನ ಕಲಾವಿದರನ್ನೆಲ್ಲ ಕೊಟ್ಟವರು ವಾರಿಜಕ್ಕನೇ. ಅಲ್ಲಿ ಅರುವತ್ತು ದಾಟಿದವರನ್ನು ಬೆಳಗ್ಗಿನಿಂದ ಸಂಜೆವರೆಗೆ ಬಿಸಿಲಲ್ಲಿ ಕೂರಿಸಿ, ಕೊನೆಗೆ ಇವತ್ತು ನಿಮ್ಮ ದೃಶ್ಯ ಇಲ್ಲ ಎಂದು ಕಳಿಸುವುದನ್ನು ಅವರು ಕಣ್ಣಾರೆ ಕಂಡರು. ಕಲಾವಿದರನ್ನು ಸರಿಯಾಗಿ ನೋಡಿಕೊಳ್ಳಬೇಕಾದರೆ ನಾವೇ ನಿರ್ಮಾಪಕರಾಗಬೇಕು ಎಂಬ ಯೋಚನೆ ಅವರ ತಲೆಗೆ ಹೊಕ್ಕಿದ್ದು ಹಾಗೆ. ಮೊದಲು ಒಂದು ಸಣ್ಣ ಧಾರಾವಾಹಿ ಮಾಡಿದರು; ನಾನು ಸಂಭಾಷಣೆ ಬರೆದೆ. ಅದು ಜನರಿಗೆ ಹಿಡಿಸಿತು. ಆಮೇಲೆ ಸಿನಿಮಾಕ್ಕೆ ಇಳಿದರು.

ನಿವೃತ್ತನಾದ ಬಸ್ ಕಂಡಕ್ಟರನೊಬ್ಬನ ಕಥೆ ಅದು. ನಾನು ಬರೆಯುವಾಗ ಕಿವಿಯಲ್ಲಿ ಕೇಳುತ್ತಿದ್ದದ್ದು ಶೀನಣ್ಣನ ಸ್ವರ. ಅವರು ಎಲ್ಲಿ ಮಾತು ನಿಲ್ಲಿಸುತ್ತಾರೋ ಅಲ್ಲಿ ನಾನೂ ಪೆನ್ನು ನಿಲ್ಲಿಸಿದ್ದೆ. ಪಾತ್ರ ನಿಮ್ಮದೇ ಎಂದು ವಾರಿಜಕ್ಕ ಅವರಿಗೆ ಹೇಳಿಯೂ ಆಗಿತ್ತು. ಚಿತ್ರೀಕರಣಕ್ಕೆ ತಿಂಗಳಿರುವಾಗ ಹಣ ಹಾಕಿದ ಪಾಲುದಾರರೂ ನಿರ್ದೇಶಕರೂ ಸೇರಿ ಹಟ ಹಿಡಿದರು. ಜನಕ್ಕೆ ಗೊತ್ತಿರುವ ಮುಖವೇ ಬೇಕು, ಇಲ್ಲದಿದ್ದರೆ ತಾವಿಲ್ಲ ಎಂದರು. ವಾರಿಜಕ್ಕ ಎರಡು ವಾರ ಗುದ್ದಾಡಿದರು. ಆಮೇಲೆ ಒಪ್ಪಿದರು. ಬೇರೆ ಯಾರ ಕೈಯಲ್ಲೂ ಹೇಳಿಸದೆ ತಾವೇ ಹೇಳುತ್ತೇನೆಂದು ಶೀನಣ್ಣನನ್ನು ಆಫೀಸಿಗೆ ಕರೆಸಿದರು. ನನ್ನನ್ನೂ ಇರಹೇಳಿದರು.

ಮಧ್ಯಾಹ್ನದ ಹೊತ್ತು. ಶೀನಣ್ಣ ಬಾಗಿಲಲ್ಲಿ ಕಾಣಿಸಿಕೊಂಡಾಗ ನಮಗಿಬ್ಬರಿಗೂ ಅವರ ಗುರುತು ಹತ್ತಲಿಲ್ಲ. ನಾಟಕದವರಾದ್ದರಿಂದ ಅವರ ತಲೆ ಸದಾ ಕಪ್ಪು ಬಳಿದು ಮಿರಮಿರ ಮಿಂಚುತ್ತಿತ್ತು. ಈಗ ನೋಡಿದರೆ ಪೂರ್ತಿ ಬಿಳಿ. ಕಂಡಕ್ಟರನ ವಯಸ್ಸಿಗೆ ಸರಿಹೋಗಲೆಂದು ನಾಲ್ಕು ತಿಂಗಳಿಂದ ಬಣ್ಣ ಮುಟ್ಟಿಲ್ಲವೆಂದರು. ಅದಕ್ಕೋಸ್ಕರ ಎರಡು ನಾಟಕ ಬಿಟ್ಟಿದ್ದರಂತೆ. ಹೇಳಿ ಮುಗುಳ್ನಕ್ಕರು.

ವಾರಿಜಕ್ಕ ಅವರನ್ನು ಕೂರಿಸಿ ಚಹಾ ತರಿಸಿದರು. ಆಮೇಲೆ ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದರು. ಪಕ್ಕದ ಮನೆಯವನ ಪಾತ್ರ ಉಂಟು, ಅದನ್ನು ಮಾಡಿ ಎಂದೂ ಕೇಳಿಕೊಂಡರು. ಶೀನಣ್ಣ ಲೋಟದ ಚಹಾವನ್ನು ನಿಧಾನವಾಗಿ ಕುಡಿದು ಮುಗಿಸಿದರು.

“ಇಷ್ಟು ವರ್ಷ ನನ್ನನ್ನು ಬೇಡ ಅಂದವರ ಹತ್ತಿರ ನನ್ನ ಪರವಾಗಿ ನೀವು ಮಾತಾಡ್ತಾ ಇದ್ರಿ ಅಕ್ಕ,” ಎಂದರು. “ಈಗ ನಿಮ್ಮ ಹತ್ತಿರ ಮಾತಾಡ್ಲಿಕ್ಕೆ ನನಗೆ ಯಾರಿದ್ದಾರೆ?”

ಸಿಟ್ಟಿನಿಂದ ಹೇಳಿದ್ದಲ್ಲ. ದಾರಿ ತಿಳಿಯದವರು ಕೇಳುವ ಹಾಗೆ ಕೇಳಿದ್ದು. ಆ ಕೋಣೆಯಲ್ಲಿ ಮೂರನೆಯ ಕುರ್ಚಿಯಲ್ಲಿ ಕೂತಿದ್ದವನು ನಾನು. ಆ ಪಾತ್ರದ ಒಂದೊಂದು ಮಾತೂ ಯಾರ ಬಾಯಿಂದ ಬಂದದ್ದೆಂದು ಬಲ್ಲವನೂ ನಾನೊಬ್ಬನೇ. ತೊಡೆಯ ಮೇಲಿದ್ದ ಹಾಳೆಗಳನ್ನು ಜೋಡಿಸಿದೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ. ಬಾಯಿ ತೆರೆಯಲಿಲ್ಲ. ನನ್ನ ಹೆಸರು ಮೊದಲ ಬಾರಿಗೆ ಸಿನಿಮಾ ಪರದೆಯ ಮೇಲೆ ಬರುವುದಿತ್ತು ನೋಡಿ.

ಸಿನಿಮಾ ಓಡಿತು. ಗೊತ್ತಿರುವ ಮುಖದವರು ನನ್ನ ಮಾತುಗಳನ್ನೆಲ್ಲ ಸ್ಪಷ್ಟವಾಗಿ, ಗಟ್ಟಿಯಾಗಿ, ಎಲ್ಲಿಯೂ ನಿಲ್ಲದೆ ಹೇಳಿದರು. ಮೊದಲ ದಿನ ವಾರಿಜಕ್ಕ ಮಧ್ಯಂತರಕ್ಕೆ ಎದ್ದು ಹೊರಗೆ ಹೋದವರು ಒಳಗೆ ಬರಲಿಲ್ಲ. ತಲೆನೋವು ಎಂದರು. ಸನ್ಮಾನಗಳು ಬಂದವು, ಇನ್ನೊಂದು ಧಾರಾವಾಹಿ ಬಂತು. ಕೆಲಸ ಹೆಚ್ಚಿದಂತೆ ಕಲಾವಿದರಿಗೆ ‘ಇಲ್ಲ’ ಎನ್ನುವುದು ಅವರಿಗೆ ಸಲೀಸಾಯಿತು. ಅದು ನನಗೂ ಕಾಣುತ್ತಿತ್ತು, ಅವರಿಗೂ ಗೊತ್ತಿತ್ತು. ದಪ್ಪ ಪುಸ್ತಕ ಕಪಾಟಿನ ಮೇಲೇರಿತು. ಕಲಾವಿದರನ್ನು ಕರೆಸುವ ಕೆಲಸವನ್ನು ಯಾವುದೋ ಕಂಪೆನಿಯವರು ಮಾಡುತ್ತಿದ್ದರು. ಒಂದು ದಿನ ತಮ್ಮದೇ ಚಿತ್ರೀಕರಣದಲ್ಲಿ, ಹಳೆಯ ನಟಿಯೊಬ್ಬರು ಛತ್ರಿಯೂ ಇಲ್ಲದೆ ಅಂಗಳದ ಬಿಸಿಲಲ್ಲಿ ಮೂರು ಗಂಟೆ ಕಾದಿದ್ದು ವಾರಿಜಕ್ಕನ ಕಣ್ಣಿಗೆ ಬಿತ್ತು. ಆ ನಟಿ ದೂರು ಹೇಳಲಿಲ್ಲ. ಎದ್ದು ನಿಂತು ಕೈಮುಗಿದರು. ಅದನ್ನು ವಾರಿಜಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ.

ಮರುದಿನವೇ, ನೆರಿಯಕ್ಕೆ ಹೋಗುವ, ಮಾಷ್ಟ್ರೆ, ಎಂದರು. ಹೋದೆವು. ಶೀನಣ್ಣ ಅಂಗಳದಲ್ಲಿ ಎಳೆದು ಕಟ್ಟಿದ ಸರಿಗೆಯ ಮೇಲೆ ರಬ್ಬರ್ ಶೀಟುಗಳನ್ನು ಒಣಹಾಕುತ್ತಿದ್ದರು. ಕೂದಲು ಬಿಳಿಯಾಗಿಯೇ ಇತ್ತು. ಆವತ್ತಿನಿಂದ ಅವರು ವೇದಿಕೆ ಹತ್ತಿರಲಿಲ್ಲ. ನೀರು ಬೆಲ್ಲ ಕೊಟ್ಟು ಕೂರಿಸಿದರು. ಹೊಸ ಧಾರಾವಾಹಿಯಲ್ಲಿ ಮುಖ್ಯ ಪಾತ್ರ ಕೊಡುತ್ತೇನೆ, ಈ ಸಲ ಯಾರು ಏನೇ ಹೇಳಿದರೂ ಬಿಡುವುದಿಲ್ಲ ಎಂದು ವಾರಿಜಕ್ಕ ಬೇಡಿಕೊಂಡರು. ಶೀನಣ್ಣ ತಲೆಯಾಡಿಸಿದರು.

“ಪಾತ್ರ ಬೇಡ ಅಕ್ಕ. ಆ ಆಸೆ ಹೋಯ್ತು. ನೀವು ಮೊದಲು ಕೂತದ್ದುಂಟಲ್ಲ, ಕಲಾವಿದರ ಬದಿ, ಅಲ್ಲಿ ಈಗ ಯಾರೂ ಇಲ್ಲ. ಪುಸ್ತಕ ಕೊಡಿ. ನಾನು ಕೂತುಕೊಳ್ತೇನೆ.”

ವಾಪಸು ಬರುವಾಗ ಧರ್ಮಸ್ಥಳ ದಾಟಿದ ಮೇಲೆ ವಾರಿಜಕ್ಕ, ಶೀನಣ್ಣ ಹೇಳಿದ್ದು ಸರಿ ಎಂದರು. ಮುಂದಿನ ವಾರ ಪುಸ್ತಕ ಕಪಾಟಿನಿಂದ ಇಳಿಯಿತು. ಶೀನಣ್ಣ ವಾರಕ್ಕೆ ಮೂರು ದಿನ ನೆರಿಯದಿಂದ ಬಸ್ಸು ಹಿಡಿದು ಬಂದು ಅದೇ ಮೇಜಿನ ಎದುರು ಬದಿಯಲ್ಲಿ ಕೂರತೊಡಗಿದರು. ಬಿಸಿನೀರು, ಬಾಗಿಲಿರುವ ಕೋಣೆ, ವಾಪಸು ವಾಹನ, ಮಾತು ಕೊಟ್ಟ ಪಾತ್ರ, ಒಂದನ್ನೂ ಬಿಡುತ್ತಿರಲಿಲ್ಲ. ಎಷ್ಟೋ ಸಲ ವಾರಿಜಕ್ಕ ರೇಗಿ, ನಿಮ್ಮನ್ನು ಇಲ್ಲಿ ಕೂರಿಸಿದ್ದೇ ತಪ್ಪಾಯಿತು ಎನ್ನುತ್ತಿದ್ದರು. ಶೀನಣ್ಣ ಅರ್ಧ ಮಾತಾಡಿ ನಿಲ್ಲಿಸುತ್ತಿದ್ದರು. ಉಳಿದರ್ಧ ಕೇಳಿಸಿಕೊಂಡು ವಾರಿಜಕ್ಕ ಸೋಲುತ್ತಿದ್ದರು. ಎಂಟು ವರ್ಷ ಹೀಗೆ ನಡೆಯಿತು. ಒಮ್ಮೆ ಆ ಪುಸ್ತಕ ತಿರುವಿ ನೋಡಿದೆ. ಶೀನಣ್ಣನ ಆ ಮೊದಲ ಪುಟ ಅದರಲ್ಲಿರಲಿಲ್ಲ. ಕಿತ್ತವರು ಯಾರೆಂದು ನಾನು ಕೇಳಲಿಲ್ಲ.

ನಿನ್ನೆ ವಾರಿಜಕ್ಕನ ಉತ್ತರಕ್ರಿಯೆ. ಬಂಟ್ವಾಳದ ಅವರ ಮನೆಯಂಗಳದ ತುಂಬ ಕಲಾವಿದರು. ಎಲ್ಲರಿಗೂ ನೆರಳಲ್ಲಿ ಕುರ್ಚಿ ಸಿಕ್ಕಿದೆಯೇ ಎಂದು ಶೀನಣ್ಣ ನೋಡುತ್ತ ಓಡಾಡುತ್ತಿದ್ದರು. ಜನ ಸ್ವಲ್ಪ ಕಡಮೆಯಾದಾಗ ಅವರನ್ನು ಬದಿಗೆ ಕರೆದೆ. ಹತ್ತು ವರ್ಷ ಗಂಟಲಲ್ಲೇ ಇದ್ದದ್ದನ್ನು, ಆವತ್ತು ಆಫೀಸಿನಲ್ಲಿ ನಾನು ನಿಮ್ಮ ಪರವಾಗಿ ಮಾತಾಡಬೇಕಿತ್ತು ಎಂಬುದನ್ನು, ಕೊನೆಗೂ ಹೇಳಿದೆ. ಪಾಠ ಮಾಡಿ ಸವೆದ ನಾಲಿಗೆ ಎರಡು ಸಲ ತಡವರಿಸಿತು.

ಶೀನಣ್ಣ ಪಂತಿಯ ಕಡೆ ನೋಡುತ್ತ ನಿಂತರು.

“ನಾನು ಆವತ್ತು ಅಕ್ಕನ ಮುಖ ನೋಡ್ಲೇ ಇಲ್ಲ ಮಾಷ್ಟ್ರೆ,” ಎಂದರು. “ನಿಮ್ಮ ಮುಖವನ್ನೇ ನೋಡ್ತಾ ಇದ್ದೆ.”

ಮುಂದೆ ಏನಾದರೂ ಹೇಳಿಯಾರೆಂದು ಕಾದೆ. ಅಷ್ಟರಲ್ಲಿ ಊಟಕ್ಕೆ ಕರೆದರು. ನಾನು ಕೈತೊಳೆದು ಹೋಗುವಷ್ಟರಲ್ಲಿ ಸಾಲೆಲ್ಲ ತುಂಬಿತ್ತು. ಕೊನೆಯಲ್ಲಿ ಶೀನಣ್ಣ ಕೂತು, ತಮ್ಮ ಪಕ್ಕದ ಎಲೆಯ ಮೇಲೆ ಕೈಯಿಟ್ಟು, ಬಂದವರನ್ನೆಲ್ಲ ಮುಂದೆ ಕಳಿಸುತ್ತಿದ್ದರು. ನಾನು ಹತ್ತಿರ ಹೋದ ಮೇಲೆ ಕೈ ತೆಗೆದರು. ಕೂತೆ. ಬಡಿಸುವವರು ಬರುವವರೆಗೆ ಇಬ್ಬರೂ ಎಲೆಗೆ ನೀರು ಚಿಮುಕಿಸಿ ಒರೆಸಿಕೊಂಡೆವು.