ಬೆರಳಿಗಾಗಿ ಕಟ್ಟಿದ ನಿಲ್ದಾಣ

ಕಣ್ಣು ಕಾಣದ ಮಕ್ಕಳಿಗೆ ಕೈಗೆಲಸ ಕಲಿಸುವುದೆಂದರೆ ಬೆತ್ತದ ಕುರ್ಚಿ ಹೆಣೆಸುವುದು, ಮೇಣದಬತ್ತಿ ಎರೆಸುವುದು, ವರ್ಷಕ್ಕೊಮ್ಮೆ ಅವನ್ನೆಲ್ಲ ಮೇಜಿನ ಮೇಲೆ ಜೋಡಿಸಿ ಬಂದ ಅತಿಥಿಗಳಿಂದ "ಅಯ್ಯೋ ಪಾಪ, ಎಷ್ಟು ಚೆನ್ನಾಗಿದೆ" ಎನ್ನಿಸಿಕೊಳ್ಳುವುದು ಎಂಬಷ್ಟೇ ತಿಳಿವಳಿಕೆಯಿದ್ದ ಕಾಲದಲ್ಲಿ ಈ ವೃತ್ತಿಗೆ ಬಂದು, ಆ "ಅಯ್ಯೋ ಪಾಪ"ವನ್ನು ನಮ್ಮ ಶಾಲೆಯ ಗೇಟಿನಾಚೆಗೆ ಅಟ್ಟಿ, ಈಗ ನಿವೃತ್ತರಾಗುತ್ತಿರುವವರು ನಮ್ಮ ಕೈಗೆಲಸದ ಟೀಚರು. ಮುಟ್ಟಿ ತಿಳಿಯುವ ಮಾದರಿಗಳನ್ನು ಮಾಡುವವರು ಎಲ್ಲಿದ್ದರೂ ಇಂದು ಅವರ ಕೆಲಸವನ್ನು ಬಲ್ಲರು. ಮಕ್ಕಳಿಗೆ ಮಾತ್ರ ಅವರು ಮೊದಲಿನಿಂದಲೂ ಗೋಂದಕ್ಕ. ವರಾಂಡದ ತಿರುವಿನಲ್ಲಿ ಅವರ ಹೆಜ್ಜೆಗಿಂತ ಮುಂಚೆ ಗೋಂದಿನ ವಾಸನೆ ಬರುತ್ತಿದ್ದುದರಿಂದ ಹುಟ್ಟಿದ ಹೆಸರು ಅದು. ಅಭಿನಂದನ ಸಂಪುಟದ ಗಾಂಭೀರ್ಯಕ್ಕೆ ಈ ಹೆಸರು ಒಪ್ಪೀತೇ ಎಂದು ಸಂಪಾದಕರು ಅನುಮಾನಿಸಿದಾಗ, "ಬೇರೆ ಹೆಸರಲ್ಲಿ ಕರೆದ್ರೆ ನಾನು ತಿರುಗಿಯೂ ನೋಡಲ್ಲ" ಎಂದು ಅವರೇ ಅಪ್ಪಣೆ ಕೊಟ್ಟಿದ್ದಾರೆ.

ಬಡಗಿಯ ಮಗಳಾಗಿ ಹುಟ್ಟಿ, ದರ್ಜಿಯ ಕೈಹಿಡಿದು, ಮರದ ಹೊಟ್ಟಿನ ಮನೆಯಿಂದ ಬಟ್ಟೆಯ ಚೂರುಗಳ ಮನೆಗೆ ಬಂದ ಗೋಂದಕ್ಕ ಶಾಲೆಗೆ ಸೇರಿದ ಹೊಸತರಲ್ಲಿ ಮಾಡಿದ ಮೊದಲ ಕೆಲಸವನ್ನು ಹಳೆಯ ವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ. ಹಾಸ್ಟೆಲಿನಲ್ಲಿ ಎಲ್ಲರ ಅಂಗಿಯೂ ಒಂದೇ ಬಟ್ಟೆಯದು. ಒಗೆದು ಬಂದ ರಾಶಿಯಲ್ಲಿ ತಮ್ಮದು ಯಾವುದೆಂದು ತಿಳಿಯದೆ ಮಕ್ಕಳು ದಿನಾ ಜಗಳ ಕಾಯುತ್ತಿದ್ದರು. ಗೋಂದಕ್ಕ ಗಂಡನ ಅಂಗಡಿಯಿಂದ ಒಂದು ಡಬ್ಬಿ ಬಿಡಿಗುಂಡಿಗಳನ್ನು ತಂದು, ಒಬ್ಬೊಬ್ಬರ ಕಾಲರಿನ ಒಳಮಗ್ಗುಲಿಗೆ ಒಂದೊಂದು ಆಕಾರದ ಗುಂಡಿ ಹೊಲಿದರು. ಜಗಳ ನಿಂತಿತು. "ಇದು ಯಾರ ಅಪ್ಪಣೆ?" ಎಂದು ಆಗಿನ ಹೆಡ್ ಮಾಸ್ತರು ಕೇಳಿದರೆ, "ಅಪ್ಪಣೆ ಕೇಳೋಷ್ಟು ದೊಡ್ಡದಲ್ಲ ಸಾರ್, ಗುಂಡಿ" ಎಂದು ಸೂಜಿಗೆ ದಾರ ಪೋಣಿಸುತ್ತ ಕೂತರಂತೆ.

ಹೀಗೆ ಸಣ್ಣಪುಟ್ಟದರಲ್ಲೇ ಸೇವಾವಧಿ ಕಳೆದುಹೋಗುತ್ತಿತ್ತೇನೋ. ಹಾಗಾಗಲಿಲ್ಲ.

ಬಾಯಿ ಒಂದು ಗಳಿಗೆಯೂ ಸುಮ್ಮನಿರದ ಕಾರಣ ಗಿಲಕಿ ಎಂದೇ ಕರೆಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಆ ವರ್ಷ ರಜೆಗೆಂದು ಒಬ್ಬಳೇ ಊರಿಗೆ ಹೊರಟಳು. ನಮ್ಮದು ಹಳ್ಳಿಯ ನಿಲ್ದಾಣ. ಒಂದೇ ಪ್ಲಾಟ್‌ಫಾರ್ಮು, ಒಂದು ತಗಡಿನ ಚಾವಣಿ, ಟಿಕೆಟ್ಟಿನ ಕಿಂಡಿ, ಪ್ರಯಾಣಿಕರ ಕೋಣೆ. ಗಿಲಕಿ ಎಡಗೈಯಿಂದ ಗೋಡೆ ಸವರುತ್ತ ನಡೆದಳು. ಗೋಡೆ ಮುಗಿಯಿತು. ಬಾಗಿಲಿರಬೇಕು, ಅದರಾಚೆ ಮತ್ತೆ ಗೋಡೆ ಸಿಗುತ್ತದೆ ಎಂದುಕೊಂಡು ಮುಂದೆ ಹೋದಳು. ಅದು ಬಾಗಿಲಲ್ಲ, ಕಟ್ಟಡದ ಕೊನೆ. ಅಲ್ಲಿಂದಾಚೆ ಪ್ಲಾಟ್‌ಫಾರ್ಮು ಇಳಿಜಾರಾಗಿ ಹಳಿಯ ಮಟ್ಟಕ್ಕೆ ಇಳಿಯುತ್ತಿತ್ತು. ಅಂಚಿನಲ್ಲಿ ಕಾಲು ಜಾರಿ ಹಳಿಯ ಮೇಲೆ ಬಿದ್ದಳು. ರೈಲು ಬರಲು ಇನ್ನೂ ಹೊತ್ತಿದ್ದುದರಿಂದ ಜೀವ ಉಳಿಯಿತು. ಸೊಂಟದ ಮೂಳೆ ಮುರಿಯಿತು.

ಆ ಮೇಲೆ ಹೆಡ್ ಮಾಸ್ತರು ಆಜ್ಞೆ ಹೊರಡಿಸಿದರು: ಮನೆಯವರು ಬಂದು ಕರೆದೊಯ್ದರೆ ಮಾತ್ರ ರಜೆಗೆ ಊರು, ಇಲ್ಲವಾದರೆ ಹಾಸ್ಟೆಲು. ಅವರನ್ನು ದೂರುವಂತಿಲ್ಲ, ಆಸ್ಪತ್ರೆಯ ಬಾಗಿಲಲ್ಲಿ ಗಿಲಕಿಯ ತಾಯಿಯ ಮುಂದೆ ನಿಂತಿದ್ದವರು ಅವರೇ. ಆದರೆ ದಿನಗೂಲಿ ಬಿಟ್ಟು, ದೂರದ ಊರಿಂದ ಎರಡೆರಡು ರೈಲು ಬದಲಿಸಿ ಬರಬಲ್ಲ ಮನೆಯವರು ಎಷ್ಟು ಮಂದಿ? ಮುಂದಿನ ರಜೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಬೀಗ ಹಾಕಿದ ತರಗತಿಗಳ ಮುಂದೆ ವರಾಂಡದಲ್ಲಿ ಕೂತೇ ಕಳೆದರು. ಹಾಸ್ಟೆಲಿನ ಉಸ್ತುವಾರಿ ಗೋಂದಕ್ಕನಿಗೆ ಬಿತ್ತು. ಒಂದು ಮಧ್ಯಾಹ್ನ ತಟ್ಟೆ ತೊಳೆಯುತ್ತಿದ್ದ ಒಬ್ಬಳು ಕೇಳಿದಳು: "ಅಕ್ಕಾ, ನನ್ನ ಬಿಟ್ಟು ಊಟ ಮಾಡೋದು ನಮ್ಮನೇಲಿ ಅಭ್ಯಾಸ ಆಗ್ಬಿಡತ್ತೆ, ಅಲ್ವಾ?"

ಗೋಂದಕ್ಕ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು ಒರೆಸಿಟ್ಟರು. ಅವರ ಮನೆಯಲ್ಲಿ ಆಗ ಅತ್ತೆ ಹಾಸಿಗೆ ಹಿಡಿದಿದ್ದರು; ಬೆಳಗ್ಗೆ ಅವರ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಶಾಲೆಗೆ ಬರುವಷ್ಟರಲ್ಲೇ ಅರ್ಧ ದಿನದ ಶಕ್ತಿ ಸೋರಿಹೋಗಿರುತ್ತಿತ್ತು. ಹೊಸದೊಂದು ಹೊರೆಯನ್ನು ತಲೆಗೆ ಕಟ್ಟಿಕೊಳ್ಳುವ ಆಸೆ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಆದರೂ ಆ ಭಾನುವಾರ ಗಂಡನ ಅಳತೆಯ ಟೇಪನ್ನು ಚೀಲಕ್ಕೆ ಹಾಕಿಕೊಂಡು ನಿಲ್ದಾಣಕ್ಕೆ ಹೋದರು. ಹಮಾಲಿಯೊಬ್ಬ ಟೇಪಿನ ಇನ್ನೊಂದು ತುದಿ ಹಿಡಿದ. ಸ್ಟೇಷನ್ ಮಾಸ್ತರು ಕಿಂಡಿಯಿಂದ ತಲೆ ಹೊರಹಾಕಿ, "ಏನಮ್ಮಾ, ಸ್ಟೇಷನ್‌ಗೆ ಅಂಗಿ ಹೊಲಿಸ್ತೀರಾ?" ಎಂದರು.

"ಹೂಂ, ಅಳತೆ ಕೊಡಿ, ಅಲುಗಾಡಬೇಡಿ" ಎಂದರು ಗೋಂದಕ್ಕ. ನಿಲ್ದಾಣ ಅಲುಗಾಡುತ್ತಲೇ ಇರುತ್ತದೆಂದು ಅವರಿಗಾಗ ಗೊತ್ತಿರಲಿಲ್ಲ.

ಮಕ್ಕಳು ಮುಟ್ಟಿ ದಾರಿ ಕಲಿಯಲೆಂದು ಮಾಡಿದ ನಿಲ್ದಾಣದ ಮೊದಲ ಮಾದರಿ ಮನೆಯ ಊಟದ ಮೇಜಿನ ಮೇಲೆ ಬೆಳೆಯಿತು. ಇಡೀ ಮಳೆಗಾಲ ಗಂಡ ಹೆಂಡತಿ ನೆಲದ ಮೇಲೆ ಕೂತು ಉಂಡರು. ಹೆಂಚು, ಕಿಟಕಿಯ ಸರಳು, ಎಲೆ ಎಲೆಯಾಗಿ ಅಂಟಿಸಿದ ಮರ, ಹಸಿರು ಬಣ್ಣದ ಬಾಗಿಲು, ಬಾಲ ಎತ್ತಿದ ನಾಯಿ. ಹಾಸಿಗೆಯಲ್ಲಿದ್ದ ಅತ್ತೆ ಕತ್ತು ಹೊರಳಿಸಿ ನೋಡಿ, "ಮನೆ ಗುಡಿಸೋಕೆ ಕೈಬರಲ್ಲ, ರೈಲ್ವೆ ಕಟ್ಟೋಕೆ ಬರತ್ತೆ" ಎಂದರು. ಅತ್ತೆಯ ಬಾಯಲ್ಲಿ ಅದು ಮೆಚ್ಚುಗೆಯೇ. ಶಾಲೆಗೆ ತಂದಿಟ್ಟಾಗ ನಾವೆಲ್ಲ ಬೆರಗಾದೆವು. ಹೆಡ್ ಮಾಸ್ತರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

ಊರುಗೋಲಿನ ಮೇಲೆ ಶಾಲೆಗೆ ಮರಳಿದ್ದ ಗಿಲಕಿ ಬಂದು ಎರಡೂ ಕೈ ಆಡಿಸಿದಳು. ಮರ ಕೈಗೆ ಚುಚ್ಚಿತು. ಚಾವಣಿ ಅಡ್ಡಬಂದು ಬೆರಳು ಒಳಗೆ ಹೋಗಲಿಲ್ಲ. ಬಾಗಿಲಿನ ಹಸಿರು ಅವಳಿಗೆ ಏನನ್ನೂ ಹೇಳಲಿಲ್ಲ. ಅವಳು ಎರಡೂ ಕೈ ಹಿಂತೆಗೆದುಕೊಂಡಳು.

"ಚೆನ್ನಾಗಿಲ್ವಾ?" ಎಂದರು ಗೋಂದಕ್ಕ.

"ಚೆನ್ನಾಗಿರಬೇಕು ಅಕ್ಕಾ. ಆದ್ರೆ ಇದು ನೋಡೋರ ಸ್ಟೇಷನ್ನು. ನಾನು ಬಿದ್ದಿದ್ದು ಇದರಲ್ಲಿ ಎಲ್ಲಿ?"

ಗೋಂದಕ್ಕ ಅವಳ ಬೆರಳನ್ನು ಹಿಡಿದು ಆ ಜಾಗಕ್ಕೆ ಒಯ್ದರು. ಅಲ್ಲಿ ನುಣುಪಾಗಿ ಬಣ್ಣ ಬಳಿದ ಹಲಗೆಯಿತ್ತು, ಅಷ್ಟೇ. ಪ್ಲಾಟ್‌ಫಾರ್ಮಿನ ಉಳಿದ ಭಾಗದ ಹಾಗೆಯೇ.

ಅಂದು ಅವರಿಗೆ ಅಳು ಬರುವಷ್ಟು ದಣಿವಾಗಿತ್ತೆಂದು ಎಷ್ಟೋ ವರ್ಷಗಳ ಮೇಲೆ ಸಿಬ್ಬಂದಿ ಕೋಣೆಯಲ್ಲಿ ಹೇಳಿಕೊಂಡರು. ಮರುದಿನ ಉಳಿ ಹಿಡಿದು ಎಲ್ಲವನ್ನೂ ಕಿತ್ತರು. ಈ ಸಲ ಗಿಲಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ತಗಡಿನ ಕೆಳಗೆ ಕೋಲು ಕುಟ್ಟಿದ್ರೆ ಡಣ್ ಅನ್ನತ್ತೆ, ಹೊರಗೆ ಬಂದ್ರೆ ಸದ್ದು ಸತ್ತುಹೋಗತ್ತೆ" ಎಂದು ಅವಳು ಹೇಳಿದ್ದೇ, ಡಬ್ಬಿಯ ಮುಚ್ಚಳ ಕತ್ತರಿಸಿ, ಎತ್ತಿ ಇಡಬಹುದಾದ ಚಾವಣಿ ಮಾಡಿದರು. ಚಪ್ಪಡಿ ಹಾಸಿದ ಕಡೆ ನುಣುಪು, ಇಳಿಜಾರಿಗೆ ಅಂಟಿಸಿದ ಜಲ್ಲಿ, ಅಂಚಿಗೆ ಬೆರಳು ಎಚ್ಚರಗೊಳ್ಳುವಷ್ಟು ಚೂಪಾದ ತಗಡಿನ ಪಟ್ಟಿ. ನಾಯಿ ಹೋಯಿತು. ಮರದ ಬದಲು ಒಂದು ಮೊಳೆ ನಿಂತಿತು. ನೋಡಲು ಅದೊಂದು ಗುಜರಿ ಅಂಗಡಿ. ಮಕ್ಕಳು ಮಾತ್ರ ಅದರ ಸುತ್ತ ಇರುವೆಗಳಂತೆ ಮುತ್ತಿಕೊಂಡರು. ತಿಂಗಳೊಳಗೆ ಅವರಿಗೆ ನಿಲ್ದಾಣ ಬಾಯಿಪಾಠವಾಯಿತು.

ಮಕ್ಕಳನ್ನು ಒಬ್ಬೊಬ್ಬರೇ ಕಳಿಸಲು ಹೆಡ್ ಮಾಸ್ತರು ಇನ್ನೂ ಒಪ್ಪಲಿಲ್ಲ. "ಮತ್ತೆ ಏನಾದ್ರೂ ಆದ್ರೆ ಹೊಣೆ ಯಾರು?"

"ನಾನು" ಎಂದರು ಗೋಂದಕ್ಕ.

"ಬರೆದುಕೊಡ್ತೀರಾ?"

"ಬರೆದುಕೊಟ್ರೆ ಮೂಳೆ ಕೂಡುತ್ತಾ ಸಾರ್? ನಾನೇ ಹೋಗಿ ಅಲ್ಲಿ ಕೂತಿರ್ತೀನಿ."

ಒಂದು ಸಲದ ಪರೀಕ್ಷೆಗೆ ಅಪ್ಪಣೆ ಸಿಕ್ಕಿತು. ಮೊದಲು ಹೋಗುವವಳು ತಾನೇ ಎಂದು ಗಿಲಕಿ ಹಟ ಹಿಡಿದಳು. ಅವಳ ಷರತ್ತು ಎರಡು: ಯಾರೂ ಕೂಗಿ ದಾರಿ ಹೇಳಕೂಡದು, ಗೋಂದಕ್ಕ ಚೆನ್ನಾಗಿ ಸ್ನಾನ ಮಾಡಿ ಬರಬೇಕು. "ವಾಸನೆ ಬಂದ್ರೆ ನಾನು ಆ ಕಡೆಗೇ ನಡೆದುಬಿಡ್ತೀನಿ ಅಕ್ಕಾ."

ಆ ಬೆಳಿಗ್ಗೆ ಗೋಂದಕ್ಕ ಪ್ಲಾಟ್‌ಫಾರ್ಮಿನ ದೂರದ ಬೆಂಚಿನಲ್ಲಿ ಸೆರಗನ್ನು ಬಾಯಿಗೊತ್ತಿ ಕೂತರು. ಪಕ್ಕದಲ್ಲಿ ಸ್ಟೇಷನ್ ಮಾಸ್ತರು. ಗಿಲಕಿ ಟಿಕೆಟ್ ಕೊಂಡು, ಕೋಲಿನಿಂದ ನೆಲ ಕುಟ್ಟುತ್ತ, ಗೋಡೆಯ ಗುಂಟ ಬಂದಳು. ನಡುದಾರಿಯಲ್ಲಿ, ಯಾವ ಮಾದರಿಯಲ್ಲೂ ಇಲ್ಲದ ಮೂಟೆಗಳ ಒಂದು ರಾಶಿ. ಯಾರೋ ಆಗತಾನೆ ತಂದು ಗೋಡೆಗೆ ಒರಗಿಸಿದ್ದರು. ಕೋಲು ತಾಗಿತು. ಗಿಲಕಿ ನಿಂತಳು. ರಾಶಿಯನ್ನು ಸುತ್ತುಹಾಕಲು ಹಳಿಯ ಕಡೆಗೆ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ದೂರದಲ್ಲಿ ರೈಲಿನ ಸದ್ದು ಕೇಳತೊಡಗಿತ್ತು.

"ಬಿಡಿ ಅಮ್ಮಾ, ಬೀಳ್ತಾಳೆ!" ಎಂದು ಸ್ಟೇಷನ್ ಮಾಸ್ತರು ಎದ್ದರು. ಗೋಂದಕ್ಕ ಅವರ ಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದೆಳೆದರು.

"ಕೂತ್ಕೊಳಿ" ಎಂದರು ಪಿಸುದನಿಯಲ್ಲಿ. ಹಾಗೆನ್ನುವಾಗ ತಾನು ಮಾಡುತ್ತಿರುವುದು ಸರಿಯೋ, ಕೊಲೆಯೋ ಎಂದು ಅವರಿಗೇ ತಿಳಿಯದು.

ಗಿಲಕಿಯ ಕೋಲು ಗಾಳಿಯಲ್ಲಿ ತಡವರಿಸಿ ನಿಂತಿತು. ಅವಳು ಹಿಂದೆ ಸರಿದಳು. ಗೋಡೆಯನ್ನು ಮತ್ತೆ ಹುಡುಕಿ, ಬಂದ ದಾರಿಯಲ್ಲೇ ಹಿಂದಿರುಗಿದಳು. ಹೆದರಿ ವಾಪಸು ಹೊರಟಳೆಂದು ಗೋಂದಕ್ಕ ಅಂದುಕೊಂಡರು. ಆದರೆ ಹುಡುಗಿ ಪ್ರಯಾಣಿಕರ ಕೋಣೆಯ ಬಾಗಿಲಲ್ಲಿ ಒಳಹೊಕ್ಕು ಕಾಣೆಯಾದಳು. ಕೊಂಚ ಹೊತ್ತಿಗೆ ಅದೇ ಕೋಣೆಯ ಇನ್ನೊಂದು ಬಾಗಿಲಿನಿಂದ, ಮೂಟೆಗಳಿಂದ ಈಚೆಗೆ, ಹೊರಬಂದಳು. ಆ ಕೋಣೆಗೆ ಎರಡು ಬಾಗಿಲುಂಟೆಂದು ಅವಳ ಬೆರಳಿಗೆ ಗೊತ್ತಿತ್ತು. ತಗಡಿನ ಸದ್ದು ಮುಗಿಯುವಲ್ಲಿ ಲೆಕ್ಕಹಾಕಿದಂತೆ ನಿಂತಳು. ರೈಲು ಬಂತು. ಹತ್ತಿದಳು.

ರೈಲು ಹೋದ ಮೇಲೂ ಗೋಂದಕ್ಕ ಬೆಂಚಿನಲ್ಲೇ ಕೂತಿದ್ದರು. ಸ್ಟೇಷನ್ ಮಾಸ್ತರು ತಾವೇ ಚಹಾ ತಂದುಕೊಟ್ಟು, "ಸಂತೋಷ ಆಯ್ತಾ ಅಮ್ಮಾ?" ಎಂದರು.

"ಇಲ್ಲ ಸಾರ್. ಮೊದ್ಲು ಚಹಾ ಕುಡೀತೀನಿ. ಸಂತೋಷ ಆಮೇಲೆ ನೋಡೋಣ."

ಹೆಡ್ ಮಾಸ್ತರು ತಮ್ಮ ಆಜ್ಞೆಯನ್ನು ಹಿಂತೆಗೆದುಕೊಂಡರು. ಮಾದರಿಯನ್ನು ಪೂರ್ತಿ ಕಲಿತ ಮಕ್ಕಳು ರಜೆಗೆ ಒಬ್ಬೊಬ್ಬರೇ ಊರಿಗೆ ಹೊರಟರು. ಗಿಲಕಿ ಓದು ಮುಗಿಸಿ, ಬೇರೊಂದು ಊರಿನಲ್ಲಿ ಟೆಲಿಫೋನ್ ಆಪರೇಟರಾಗಿ, ಮಾತಿಗೆ ಸಂಬಳ ಪಡೆಯುತ್ತಿದ್ದಾಳೆ.

ಆದರೆ ಗೋಂದಕ್ಕನ ಪಾಲಿಗೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಇಂಥ ಕೆಲಸ ಮುಗಿಯುವಂಥದಲ್ಲ. ಬೆಂಚು ಸರಿಸಿದರೆಂದು ನಿಲ್ದಾಣದಿಂದ ಸುದ್ದಿ ಬರುತ್ತಿತ್ತು. ನೀರಿನ ನಲ್ಲಿ ಬದಲಾಯಿತೆಂದು, ಹೊಸ ಕಂಬ ಬಂತೆಂದು. ಪ್ರತಿ ಸಲವೂ ಹೋಗಿ ಅಳೆದು, ಮಾದರಿಯಲ್ಲಿ ಕಿತ್ತು, ಮತ್ತೆ ಅಂಟಿಸಬೇಕು. ನಡುವೆ ಅತ್ತೆ ತೀರಿಕೊಂಡರು. ಮಣಿಕಟ್ಟಿಗೆ ನೋವು ಹತ್ತಿತು. ಮಕ್ಕಳ ಬೆರಳುಗಳಿಗೆ ಸವೆದು ಜಲ್ಲಿ ಉದುರುತ್ತಿತ್ತು, ಗೋಡೆಗಳು ನುಣ್ಣಗಾಗುತ್ತಿದ್ದವು. ವೇದಿಕೆಗಳಲ್ಲಿ ನಾವು ಅವರ ಉತ್ಸಾಹವನ್ನು ಕೊಂಡಾಡಿದ್ದುಂಟು. ನಿಜ ಹೇಳಬೇಕೆಂದರೆ ಅವರಲ್ಲಿ ಉತ್ಸಾಹ ಕಂಡದ್ದು ಕಡಿಮೆ. ಉಸ್ಸೆನ್ನುತ್ತ ಎದ್ದು, ಚೀಲ ಹೆಗಲಿಗೇರಿಸಿ, "ಹೋಗಿ ಬರ್ತೀನಿ, ಇನ್ನೇನು ಮಾಡೋದು" ಎಂದು ಹೊರಡುವ ಅವರನ್ನೇ ನಾವು ಕಂಡದ್ದು. ಉತ್ಸಾಹವಿದ್ದಾಗ ಯಾರು ಬೇಕಾದರೂ ಹೋದಾರು. ಅದಿಲ್ಲದೆಯೂ ಹೋದವರೆಂಬುದೇ ನಮ್ಮ ಗೌರವಕ್ಕೆ ಕಾರಣ.

ಕೆಲವು ವರ್ಷಗಳ ಹಿಂದೆ ಹಳೆಯ ನಿಲ್ದಾಣವನ್ನು ಕೆಡವಿ ಹೊಸದನ್ನು ಕಟ್ಟಿದರು. ಎರಡು ಪ್ಲಾಟ್‌ಫಾರ್ಮು, ಮೇಲ್ಸೇತುವೆ, ಎಲ್ಲವೂ ಬೇರೆ. ಈಗಿನ ಹೆಡ್ ಮಾಸ್ತರು ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟರು: ಹೆಸರಾಂತ ಮಾದರಿ, ಕಚೇರಿಯ ಮುಂದೆ ಗಾಜಿನ ಪೆಟ್ಟಿಗೆಯಲ್ಲಿಡೋಣ, ಕೆಳಗೆ ಟೀಚರ ಹೆಸರು ಕೆತ್ತಿಸೋಣ.

"ಬೇಡ ಸಾರ್. ಅದೀಗ ಸುಳ್ಳು ಹೇಳ್ತಿದೆ. ನಂಬಿ ನಡೆದ ಮಗು ಬೀಳತ್ತೆ."

"ಗಾಜಿನೊಳಗಿದ್ರೆ ಯಾರೂ ಮುಟ್ಟಲ್ಲವಲ್ಲ ಟೀಚರ್?"

"ಯಾರೂ ಮುಟ್ಟದೇ ಇರೋ ವಸ್ತು ಈ ಶಾಲೇಲಿ ಯಾರಿಗೆ ಬೇಕು ಸಾರ್?"

ಅಂದು ಮಧ್ಯಾಹ್ನ ಅವರು ಮಕ್ಕಳನ್ನೆಲ್ಲ ಕರೆದು, ಮಾದರಿಯನ್ನು ಬಿಚ್ಚಿಹಾಕಲು ಹೇಳಿದರು. ಮಕ್ಕಳು ಗಲಾಟೆ ಮಾಡುತ್ತ ಕಿತ್ತರು. ಒಬ್ಬನಿಗೆ ಬೆಂಚು, ಒಬ್ಬಳಿಗೆ ಟಿಕೆಟ್ಟಿನ ಕಿಂಡಿ. ಗೋಂದಕ್ಕ ಮೂಲೆಯ ಸ್ಟೂಲಿನಲ್ಲಿ ಮಣಿಕಟ್ಟು ಒತ್ತಿಕೊಳ್ಳುತ್ತ ಕೂತಿದ್ದರು. ಸಂಜೆ ಮನೆಗೆ ಹೋದಾಗ ಗಂಡ ಹೊಲಿಗೆ ನಿಲ್ಲಿಸಿ ತಲೆಯೆತ್ತಿದರು.

"ಮುರಿದ್ಯಾ?"

"ಮುರಿದೆ."

"ಅಳು ಬಂತಾ?"

"ಅಳೋಕೂ ಶಕ್ತಿ ಬೇಕಲ್ರೀ. ನಾಳೆಯಿಂದ ಹೊಸದು."

ಆ ಹೊಸದರ ನೆಲ ಮತ್ತು ಮೊದಲ ಪ್ಲಾಟ್‌ಫಾರ್ಮು ಅವರ ಕೈಯದು. ಮೇಲ್ಸೇತುವೆಯಿಂದಾಚೆಗೆ, ಅವರ ಜಾಗಕ್ಕೆ ಬಂದಿರುವ ಎಳೆಯ ಮಾಸ್ತರರದು. ಅವರು ಅಳತೆ ಕೇಳಲು ಬಂದರೆ ಗೋಂದಕ್ಕ ಕೊಡುವುದಿಲ್ಲ, ಟೇಪು ಕೊಟ್ಟು ಕಳಿಸುತ್ತಾರೆ. ಇನ್ನೆರಡು ವರ್ಷ ಇರಿ ಎಂದು ಆಡಳಿತ ಮಂಡಳಿ ಕೇಳಿಕೊಂಡಿತು. "ಸಾಕು" ಎಂದರು ಗೋಂದಕ್ಕ.

ಇಂಥ ಲೇಖನದ ಕೊನೆಗೆ ದೀರ್ಘಾಯುಷ್ಯವನ್ನೂ ಇನ್ನಷ್ಟು ಸೇವೆಯನ್ನೂ ಹಾರೈಸುವುದು ವಾಡಿಕೆ. ಮುಂಚಿತವಾಗಿ ಅವರನ್ನು ವಿಚಾರಿಸಿದಾಗ, "ಆಯುಸ್ಸು ಬೇಕಾದ್ರೆ ಹಾರೈಸಿ, ಸೇವೆ ಬೇಡ" ಎಂದು ಕೈಮುಗಿದರು. ಜೊತೆಗೆ ನಮಗಾರಿಗೂ ಹೊಳೆಯದಿದ್ದ ಒಂದು ಸಂಗತಿಯನ್ನು ಹೇಳಿದರು: ಇಷ್ಟು ವರ್ಷ ಆ ನಿಲ್ದಾಣಕ್ಕೆ ಹೋಗಿ ಬಂದರೂ, ತಮಗೋಸ್ಕರ ಅಲ್ಲಿಂದ ಒಂದು ಸಲವೂ ಅವರು ರೈಲು ಹತ್ತಿಲ್ಲ. ಬೀಳ್ಕೊಡುಗೆಯ ಮರುವಾರ ಗಂಡನೊಂದಿಗೆ ದೂರದ ಊರಿನ ತಂಗಿಯ ಮನೆಗೆ ಹೊರಟಿದ್ದಾರೆ. ಕೆಲಸ ಮುಂದುವರಿಯುತ್ತದೆ, ಬೇರೆ ಕೈಗಳಲ್ಲಿ. ಗೋಂದಕ್ಕ ನೂರು ಕಾಲ ಬಾಳಲಿ. ಅಂದು ಅವರಿಗೆ ಕಿಟಕಿಯ ಪಕ್ಕದ ಸೀಟು ಸಿಗಲಿ. ಗಂಡನ ಹೆಗಲಿಗೆ ತಲೆಯಿಟ್ಟು, ದಾರಿಯಲ್ಲಿ ಬರುವ ಒಂದು ನಿಲ್ದಾಣವನ್ನೂ ನೋಡದೆ, ಅವರು ಊರು ಬರುವವರೆಗೆ ನಿದ್ದೆ ಮಾಡಲಿ.