ಹೊರಮಾವಿನಲ್ಲಿ ಎರಡು ಗೇಣು ಎತ್ತರ

ಇದು ೨೦೦೧ರ ಮಾತೋ ಮರುವರ್ಷದ್ದೋ, ಖಚಿತವಿಲ್ಲ. ಡೈರಿಯಲ್ಲಿ ಬಸ್ ಟಿಕೆಟ್ ಅಂಟಿಸಿದ್ದೇನೆ, ದರ ಅಳಿಸಿಹೋಗಿದೆ. ಆರು ರೂಪಾಯಿ ಎಂದು ನೆನಪು. ಕೆಲವು ಮಾತುಗಳನ್ನು ನಾನೇ ಆಮೇಲೆ ತಿದ್ದಿಕೊಂಡಿರಲೂಬಹುದು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶಿವಾಜಿನಗರದಿಂದ ಹೊರಮಾವಿಗೆ ಹೊರಟೆ. ಅಲ್ಲಿರುವ ಚಿಕ್ಕಪ್ಪ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹನ್ನೊಂದು ವರ್ಷ ಸರ್ವೀಸ್ ಉಳಿದಿರುವಾಗಲೇ ಸ್ವಯಂ ನಿವೃತ್ತಿ ಪಡೆದು, ಬಂದ ಹಣದಲ್ಲಿ ಮನೆಗೆ ಮಹಡಿ ಕಟ್ಟಿಸುತ್ತೇನೆಂದು ಹೊರಟಿದ್ದರು. ಅರ್ಜಿ ಕೊಡಲು ಮರುದಿನವೇ ಕಡೆ. “ನೀನು ಓದಿದವಳು, ನಿನ್ನ ಮಾತು ಕೇಳ್ತಾನೆ. ಬೇಡ ಅಂತ ಹೇಳಿ ಬಾ,” ಎಂದು ಅಪ್ಪ ಕಳಿಸಿದ್ದರು.

ಬಸ್ಸಿನಲ್ಲಿ ಪಕ್ಕಕ್ಕೆ ಶಿವಾಜಿನಗರದ ಪರದೆ ಬಟ್ಟೆ ವ್ಯಾಪಾರಿಯೊಬ್ಬರು ಕೂತರು. ಹೊಸ ಅಪಾರ್ಟ್‌ಮೆಂಟಿನ ಕಿಟಕಿಗಳ ಅಳತೆ ತೆಗೆಯಲು ಹೊರಟಿದ್ದರು. ವ್ಯಾಪಾರ ಹೇಗಿದೆ ಎಂದು ಕೇಳಿದೆ.

“ಹೋದ್ವರ್ಷಕ್ಕಿಂತ ಡಬಲ್ ಐತೆ ಮೇಡಂ. ಆದ್ರೆ ನಮ್ ಭಾವಮೈದ ಎರಡ್ನೇ ಅಂಗಡಿ ಹಾಕ್ಬಿಟ್ಟ. ಟೈಮ್ ಸರಿ ಇಲ್ಲ.”

ಲಿಂಗರಾಜಪುರ ದಾಟುವವರೆಗೂ ಭಾವಮೈದನ ಕತೆಯೇ ನಡೆಯಿತು.

ಸ್ಟಾಪಿನಿಂದ ಹತ್ತು ನಿಮಿಷ ಬಿಸಿಲಲ್ಲಿ ನಡೆದೆ. ಚಿಕ್ಕಪ್ಪನ ಬಾಗಿಲಲ್ಲಿ ಹಣೆ ಬಡಿಯಿತು. ಎದುರಿಗೆ ದೊಡ್ಡಪ್ಪ ಕಟ್ಟಿಸಿದ ಎರಡು ಮಹಡಿಯ ಮನೆಯ ಪಾಯ ತಮ್ಮದಕ್ಕಿಂತ ಎರಡು ಗೇಣು ಎತ್ತರವೆಂದು, ಇವರು ಮನೆಯೊಳಗೆ ಮಣ್ಣು ತುಂಬಿಸಿ ನೆಲ ಎತ್ತರಿಸಿದ್ದರು. ಬಾಗಿಲ ಚೌಕಟ್ಟು ಇದ್ದಲ್ಲೇ ಇತ್ತು. ಕದವನ್ನು ಕೆಳಗಿನಿಂದ ಕೊಯ್ಯಿಸಿದ್ದರು.

“ಬಗ್ಗಿ ಬಾಮ್ಮ,” ಎಂದು ನಕ್ಕರು ಚಿಕ್ಕಮ್ಮ. “ನಮ್ಮನೆಗೆ ಬರೋರೆಲ್ಲ ಈಗ ನಮಸ್ಕಾರ ಮಾಡ್ಕೊಂಡೇ ಒಳಗ್ ಬರೋದು.”

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. “ಕಾಲ ಕೆಟ್ಟೋಯ್ತಮ್ಮ, ದುಡಿಯೋರ ಕೈಲಿ ಏನೂ ನಿಲ್ಲಲ್ಲ,” ಎಂದರು ಚಿಕ್ಕಪ್ಪ. ಆ ವರ್ಷ ಅವರ ಸಂಬಳ ಏರಿತ್ತು, ಮನೆಗೆ ಫ್ರಿಜ್ ಬಂದಿತ್ತು. ಬೀದಿಗೆಲ್ಲ ಇವರದೊಂದೇ ತಾರಸಿ ಮನೆಯಾಗಿದ್ದಾಗ “ಇನ್ನೇನ್ ಬೇಕು” ಎನ್ನುತ್ತಿದ್ದರಲ್ಲ ಎಂದು ನೆನಪಿಸಿದೆ.

“ಆಗ ಎದುರಿಗೆ ಸೌತೆಕಾಯಿ ತೋಟ ಇತ್ತು.”

“ಎದುರುಮನೆ ಕಾಣೋ ಆ ಕಿಟಕಿ ಮುಚ್ಚಿಸ್ಬಿಡಿ, ನಮಗೇನೂ ಕಷ್ಟ ಇಲ್ಲ,” ಎಂದರು ಚಿಕ್ಕಮ್ಮ. ಈ ಸಲ ನಗಲಿಲ್ಲ. ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷವಿತ್ತು.

ಸಂಜೆ ಚಿಕ್ಕಪ್ಪ ಸ್ಟಾಪಿನವರೆಗೂ ಬಂದರು. ದಾರಿಯುದ್ದಕ್ಕೂ ಅರ್ಜಿ ಬೇಡವೆಂದೆ, ಹೂಂಗುಟ್ಟಿದರು. ಬಸ್ಸು ಕಂಡಾಗ ಕೇಳಿದೆ:

“ಚಿಕ್ಕಪ್ಪ, ದೊಡ್ಡಪ್ಪ ಆ ಮನೇನ ಬೇರೆಲ್ಲೋ ಕಟ್ಟಿಸಿದ್ದಿದ್ರೆ, ನೀವು ಕೆಲಸ ಬಿಡ್ತಿದ್ರಾ?”

“ಹತ್ತಮ್ಮ, ಸೀಟ್ ಇದೆ,” ಎಂದು ಬಸ್ಸಿಗೆ ಕೈ ಅಡ್ಡ ಹಿಡಿದರು.

ಅರ್ಜಿ ಮರುದಿನ ಕೊಟ್ಟರು. ಮಹಡಿಯೂ ಎದ್ದಿತು. ಹೋದಾಗಲೆಲ್ಲ ಬಗ್ಗಿಯೇ ಒಳಗೆ ಹೋಗುತ್ತೇನೆ.