ತೊಳೆಯದೆ ತೋರಿಸಿದ ನೀಲಿ

ತೊಂಬತ್ತರ ದಶಕದ ಆರಂಭ. ಚಿಕ್ಕಬಳ್ಳಾಪುರದ ಹೊರಗೆ ಹಳೆಯ ಗೋದಾಮೊಂದರಲ್ಲಿ ನಡೆಯುತ್ತಿದ್ದ ಖಾಸಗಿ ಪ್ರಯೋಗಾಲಯಕ್ಕೆ ನಾನು ಪಶುವೈದ್ಯ. ಬಿಳಿ ಇಲಿಗಳನ್ನು ಸಾಕುವುದು ನನ್ನ ಕೆಲಸ; ನಿರ್ದೇಶಕರ ಜಂಬ ಸಾಕುವುದು ಉಳಿದವರ ಕೆಲಸ. ಅವರು ಎರಡು ವರ್ಷ ವಿದೇಶದಲ್ಲಿದ್ದು ಬಂದವರು. ಅಲ್ಲಿಂದ ವಿದ್ಯೆ ತಂದರೋ ಇಲ್ಲವೋ, ಕೋಟು ಮಾತ್ರ ತಂದಿದ್ದರು. ಇಲಿಗಳ ಕೋಣೆಗೆ ಫ್ಯಾನಿಲ್ಲ, ಅವರ ಕೋಣೆಗೆ ಏಸಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ!

ಮಿದುಳಿನ ರಕ್ತನಾಳಗಳ ಜೀವಕೋಶಗಳು ಒತ್ತೊತ್ತಾಗಿ ಕೂತು, ರಕ್ತದಲ್ಲಿರುವ ಬಹುಪಾಲು ಔಷಧಗಳನ್ನು ಮಿದುಳಿಗೆ ಬಿಡುವುದಿಲ್ಲ. ಇದೇ ಬ್ಲಡ್-ಬ್ರೇನ್ ಬ್ಯಾರಿಯರ್ ಎಂಬ ತಡೆ. ಮಿದುಳಿನ ಗಡ್ಡೆಗೆ ಔಷಧ ತಲುಪಿಸಲು ಅದನ್ನು ತೆರೆಯುವುದೇ ನಮ್ಮ ಪ್ರಯೋಗ. ಇಲಿಯ ಕತ್ತಿನ ರಕ್ತನಾಳಕ್ಕೆ ಮ್ಯಾನಿಟಾಲ್ ಎಂಬ ಗಾಢ ದ್ರಾವಣವನ್ನು ರಭಸದಿಂದ ನುಗ್ಗಿಸಿದರೆ ಆ ಕೋಶಗಳು ಕುಗ್ಗಿ ಸ್ವಲ್ಪ ಹೊತ್ತು ಸಂದು ಬಿಡುತ್ತವೆ. ಬಿಟ್ಟವೋ ಇಲ್ಲವೋ ತಿಳಿಯಲು ಇವಾನ್ಸ್ ಬ್ಲೂ ಎಂಬ ಬಣ್ಣವನ್ನೂ ರಕ್ತಕ್ಕೆ ಬಿಡುತ್ತೇವೆ. ತಡೆ ತೆರೆದಿದ್ದರೆ ಮಿದುಳು ನೀಲಿ, ಇಲ್ಲದಿದ್ದರೆ ಬಿಳಿ. ಆದರೆ ಮಿದುಳು ತೆಗೆಯುವ ಮುಂಚೆ ಹೃದಯದ ಮೂಲಕ ಸಲೈನ್ ಹರಿಸಿ ನಾಳಗಳ ರಕ್ತವನ್ನೆಲ್ಲ ತೊಳೆಯಬೇಕು. ತೊಳೆಯದಿದ್ದರೆ ರಕ್ತದಲ್ಲಿ ಉಳಿದ ಬಣ್ಣವೇ ನೀಲಿಯಾಗಿ ಕಾಣುತ್ತದೆ.

ಇಲಿಯ ಸಣ್ಣ ನಾಳಕ್ಕೆ ನಳಿಕೆ ತೂರಿಸುತ್ತಿದ್ದವಳು ಶಿಡ್ಲಘಟ್ಟದ ಜರೀನಾ, ನಮ್ಮ ಟೆಕ್ನೀಷಿಯನ್. ಬೆಂದ ರೇಷ್ಮೆಗೂಡಿನಲ್ಲಿ ಎಳೆಯ ತುದಿ ಹುಡುಕಿ ಪಳಗಿದ ಬೆರಳುಗಳು ಅವಳವು. ದೊಡ್ಡ ಅತಿಥಿಗಳು ಬಂದ ದಿನ ಅವಳು ಸಲೈನ್ ಹಿಡಿದು ನಿಂತಿದ್ದಾಗ ನಿರ್ದೇಶಕರು, “ತೊಳೀತಾ ಕೂತ್ರೆ ಅವ್ರ ಊಟದ ಹೊತ್ತು ಮೀರುತ್ತೆ, ಬಿಡಮ್ಮ” ಎಂದರು. ಮಿದುಳು ನೀಲಿಯಾಗಿ ಬಂತು. ಚಪ್ಪಾಳೆ ಬಿತ್ತು, ಫೋಟೋ ತೆಗೆದರು.

“ಸಾರ್, ಬಣ್ಣಕ್ಕೆ ಹಾಕಿದ ನೂಲು ತೊಳೀದೇನೇ ಬಣ್ಣ ಹಿಡೀತು ಅಂದ್ರೆ ನಮ್ಮ ಬೀದೀಲಿ ಮುಖಕ್ಕೆ ಉಗೀತಾರೆ” ಎಂದಳು ಜರೀನಾ, ನನ್ನ ಕಡೆ ತಿರುಗಿ.

ಮರುದಿನ ನಾವಿಬ್ಬರೂ ಐದು ಇಲಿಗಳಲ್ಲಿ ಸರಿಯಾಗಿ ತೊಳೆದು ನೋಡಿದೆವು. ಐದು ಮಿದುಳೂ ಬಿಳಿ. ತಡೆ ತೆರೆದೇ ಇರಲಿಲ್ಲ. ಟ್ರೇ ಒಯ್ದು ತೋರಿಸಿದರೆ ನಿರ್ದೇಶಕರು ತಲೆ ಎತ್ತಲೂ ಇಲ್ಲ. “ಎಸೀರಿ ಅವನ್ನ. ಫೋಟೋ ಚೆನ್ನಾಗಿ ಬಂದಿದೆ” ಎಂದರು. ಥೂ, ಇದೂ ಒಂದು ವಿಜ್ಞಾನವೇ ಎಂದು ಮನಸ್ಸಿನಲ್ಲೇ ಉಗಿದು, ಹೇಳಿದಂತೆ ಎಸೆದೆ.

ಮೂರು ವಾರದ ಮೇಲೆ ಮೇಲೂರಿನ ಮುನಿಶಾಮಪ್ಪ ಎಂಬ ರೈತರು ಮಗಳೊಂದಿಗೆ ನಮ್ಮ ಪ್ರಯೋಗಾಲಯದ ವರಾಂಡದಲ್ಲಿ ಕೂತಿದ್ದರು. ಒಂಬತ್ತು ವರ್ಷದ ಆ ಹುಡುಗಿ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನನ್ನು ನೋಡಿದಳು.

“ಎರಡೆರಡು ಕಾಣುತ್ತಂತೆ ಸಾರ್. ತಲೇಲಿ ಗಡ್ಡೆ ಐತೆ. ಬೆಂಗ್ಳೂರಲ್ಲಿ ಆಪರೇಷನ್‌ಗೆ ದಿನ ಕೊಟ್ಟಿದ್ರು. ಈ ಸಾಹೇಬ್ರು ಫೋಟೋ ತೋರ್ಸಿ, ಇಲಿ ಮೆದುಳಿಗೇ ಔಷಧಿ ಹೋಗೈತೆ, ನಿನ್ನ ಮಗೂಗೂ ಹಾಕ್ತೀನಿ, ಕುಯ್ಯಿಸಬೇಡ ಅಂದ್ರು. ಆ ದಿನ ಬಿಟ್ಬಿಟ್ಟೆ.”

“ಆ ನೀಲಿ ಸುಳ್ಳು ಮುನಿಶಾಮಪ್ಪ. ಔಷಧ ಎಲ್ಲಿಗೂ ಹೋಗಿಲ್ಲ. ಇವತ್ತೇ ಬೆಂಗಳೂರಿಗೆ ಹೊರಡಿ” ಎಂದೆ.

ಕೋಟು ಹೊರಗೆ ಬಂತು. “ಇಲಿ ಡಾಕ್ಟ್ರು ಮನುಷ್ಯರ ವಿಷಯಕ್ಕೆ ಬರಬೇಡಿ!”

“ಇಲಿ ವಿಷಯಾನೇ ಹೇಳ್ತಿದ್ದೀನಿ ಸಾರ್. ನಿಮಗದೂ ಗೊತ್ತಿಲ್ಲ.”

ಆಡಿದ ಮಾತಿಗೆ ನಾನೇ ಹಿಗ್ಗಿದ್ದೆ. ಮುನಿಶಾಮಪ್ಪ ನಿರ್ದೇಶಕರತ್ತ ತಿರುಗಲಿಲ್ಲ, ನನ್ನನ್ನೇ ಕೇಳಿದರು:

“ನಿಮ್ಗಿದು ಯಾವತ್ತು ಗೊತ್ತಾಯ್ತು ಸಾರ್?”

“ಮೂರು ವಾರ ಆಯ್ತು.”

“ನಾನು ದಿನ ಬಿಟ್ಟಿದ್ದು ಹೋದ ಸೋಮ್ವಾರ.”

ಅಷ್ಟೇ ಹೇಳಿ ಮಗಳನ್ನು ಎತ್ತಿಕೊಂಡು ಬಸ್ಸಿಗೆ ನಡೆದರು.

ಹೊಸ ದಿನ ಸಿಗುವುದಕ್ಕೇ ವಾರಗಳು ಹಿಡಿದು ಆಪರೇಷನ್ ತಡವಾಗಿ ಆಯಿತು. ಹುಡುಗಿ ಬದುಕಿದಳು, ಒಂದು ಕಣ್ಣು ಹೋಯಿತು. ಮೊದಲೇ ಆಗಿದ್ದರೆ ಉಳಿಯುತ್ತಿತ್ತೇ ಎಂದು ಸರ್ಜನ್ನರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಕೆಲಸ ಬಿಟ್ಟೆ. ಆ ನಿರ್ದೇಶಕರನ್ನು ಇಂದಿಗೂ ಬೈಯುತ್ತೇನೆ, ಅದಕ್ಕೇನೂ ಖರ್ಚಿಲ್ಲ. ಅವರಿಗೆ ಸತ್ಯ ಬೇಕಿರಲಿಲ್ಲ. ಆ ಸತ್ಯ ನನ್ನ ಕೈಯ ಟ್ರೇಯಲ್ಲೇ ಇತ್ತು, ನಾನು ಎಸೆದೆ. ಸುಳ್ಳೆಂದು ಗೊತ್ತಾದದ್ದನ್ನು ಗೊತ್ತಾದ ದಿನವೇ, ಕೇಳಿಸುವಂತೆ ಹೇಳಬೇಕು ಎಂಬುದನ್ನು ನಾನು ಕಲಿತದ್ದು ಒಂದು ಮಗುವಿನ ಕಣ್ಣಿನ ಬೆಲೆಗೆ.